ಡಬ್ಬಿಯೊಳಗಿನ ಫಿನಾಯಿಲ್

ಮುಚ್ಚಳ ತೆರೆದ ತಕ್ಷಣ ಲ್ಯಾಬಿನ ತುಂಬ ಫಿನಾಯಿಲ್ ವಾಸನೆ! ಪರೀಕ್ಷೆಗೆಂದು ನಮ್ಮತ್ತೆಯ ಮಲವನ್ನು ಹಿರೀಸಾವೆಯಿಂದ ಚನ್ನರಾಯಪಟ್ಟಣಕ್ಕೆ ತಂದಿದ್ದ ಡಬ್ಬಿ ಅದು. ಲ್ಯಾಬಿನ ಹುಡುಗಿ ನನ್ನ ಮುಖ ನೋಡಿದಳು, ನಾನು ಅತ್ತೆಯ ಮುಖ ನೋಡಿದೆ.

“ನಮ್ ಗಲೀಜು ಮುಟ್ಟೋಳು ನೀನು. ವಾಸ್ನೆ ಒಡೀಬಾರ್ದು ಅಂತ ಒಂಚೂರು ಉಯ್ದೆ ಕಣವ್ವಾ,” ಎಂದರು ಅತ್ತೆ ಆ ಹುಡುಗಿಗೆ, ಸಂಕೋಚದಿಂದ.

ಹುಡುಗಿಗೆ ನಗು ತಡೆಯಲಾಗಲಿಲ್ಲ. “ಅಜ್ಜೀ, ಭೇದಿ ತರ್ಸಿರೋ ಕ್ರಿಮಿ ಜೀವಂತ ಸಿಕ್ಕಿದ್ರೆ ತಾನೇ ನಾನು ಬೆಳೆಸಿ ನೋಡೋದು? ಫಿನಾಯಿಲ್‌ಗೆ ಅದು ಸತ್ತೋದ್ರೆ ರಿಪೋರ್ಟಲ್ಲಿ ಏನೂ ಇಲ್ಲ ಅಂತ ಬರುತ್ತೆ. ನಿಮ್ ಹೊಟ್ಟೇಲಿರೋದು ಮಾತ್ರ ಹಂಗೇ ಇರುತ್ತೆ!” ಎನ್ನುತ್ತಾ ಹೊಸ ಡಬ್ಬಿ ಕೊಟ್ಟಳು.

ಎರಡನೇ ಸಲ ಕೊಟ್ಟಿದ್ದರಲ್ಲಿ ಕ್ರಿಮಿ ಬೆಳೆಯಿತು. ಯಾವ ಔಷಧಿಗೆ ಅದು ಬಗ್ಗುತ್ತದೆಂಬುದೂ ತಿಳಿಯಿತು. ಗಂಜಿಯೂ ದಕ್ಕದೆ ಸೊರಗಿಹೋಗಿದ್ದ ಅತ್ತೆ ಆ ಮಾತ್ರೆ ಮುಗಿಸುವಷ್ಟರಲ್ಲಿ ಮುದ್ದೆ ಕೇಳತೊಡಗಿದರು.

ಈಗ ನಮ್ಮ ಬೀದಿಯಲ್ಲಿ ಯಾರೇ ಲ್ಯಾಬಿಗೆ ಹೊರಟರೂ ಅತ್ತೆ ಜಗಲಿಯಿಂದಲೇ ಕೂಗುತ್ತಾರೆ: “ಇದ್ದಂಗೇ ಕೊಡ್ರವ್ವಾ! ನೀವು ನಾಚ್ಕಂಡ್ರೆ ಕಾಯ್ಲೆ ಬಚ್ಚಿಟ್ಕತದೆ.”