ಪುಟ್ಟಮಲ್ಲಮ್ಮನಿಗೆ ಬಂದ ಮುಯ್ಯಾಳು

ಕಟ್ಟೆಮಳಲವಾಡಿಯಲ್ಲಿ ನಮ್ಮ ಪಕ್ಕದ ಮನೆಯ ಪುಟ್ಟಮಲ್ಲಮ್ಮನಿಗೆ ಹೆದರಿಕೆ ಎಂಬುದೇ ಗೊತ್ತಿಲ್ಲ. ಗಂಡ ತೀರಿಕೊಂಡ ಮೇಲೆ ಒಂದೂವರೆ ಎಕರೆಯಲ್ಲಿ ಹೊಗೆಸೊಪ್ಪು ಬೆಳೆದು ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದವಳು. ಲೋಕದ ಸಂಪತ್ತೆಲ್ಲ ನಾಲ್ಕು ಜನರ ಕೈ ಸೇರುತ್ತಿದೆ, ಮುಂದೆ ನಮ್ಮಂಥವರ ಗತಿ ಏನು ಎಂದು ಟೀವಿ ನೋಡಿ ನಾನು ಗೊಣಗಿದರೆ, "ಅವ್ರಿಗೂ ಎರಡೇ ಕೈ ಕಣ್ಲಾ, ಸುಮ್ಕಿರು" ಎನ್ನುತ್ತಾಳೆ.

ಆ ನಾಲ್ವರಲ್ಲಿ ತಾನೂ ಒಬ್ಬ ಎನ್ನುವ ಹಾಗೆ ನಮ್ಮೂರಿಗೆ ಬಂದವನು ಮೈಸೂರಿನ ಕಂಟ್ರಾಕ್ಟರ್ ನಟರಾಜು. ಅವಳ ಸುತ್ತಲಿನ ಜಮೀನನ್ನೆಲ್ಲ ಕೊಂಡ. ಅವಳೊಬ್ಬಳು ಕೊಡಲಿಲ್ಲ. ಆ ಸಿಟ್ಟಿಗೆ ಮುಳ್ಳುತಂತಿ ಎಳೆದು ಅವಳ ದಾರಿ ಮುಚ್ಚಿದ. ಹೊಲಕ್ಕೆ ಹೋಗಲು ಕಾಲುವೆ ಏರಿಯ ಕೆಸರು ತುಳಿದು ಸುತ್ತಬೇಕಾಯಿತು. ದಾರಿಯಿಲ್ಲದ ಹೊಲ ಎಷ್ಟು ದಿನ ಉಳಿದೀತು? ನನಗಂತೂ ಮೈಯೆಲ್ಲ ಉರಿಯಿತು.

ಮುರಿದ ಸೊಪ್ಪನ್ನು ಅಂದೇ ಕಡ್ಡಿಗೆ ಕಟ್ಟಿ, ಬಿಸಿಗಾಳಿಯಲ್ಲಿ ಬೇಯಿಸಿ ಒಣಗಿಸುವ ಗೂಡಿಗೆ, ಅಂದರೆ ಬ್ಯಾರನ್ನಿಗೆ ತುಂಬಬೇಕು. ತಡವಾದರೆ ಹಾಳು. ಅದಕ್ಕೇ ನಮ್ಮ ಹೆಂಗಸರು ಮುಯ್ಯಾಳು ಹೋಗುತ್ತಾರೆ: ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಅಲ್ಲಿ ಕಾಸಿನ ಮಾತೇ ಇಲ್ಲ. ಕೊಂಡ ಜಮೀನಿನಲ್ಲಿ ತಾನೂ ಹೊಗೆಸೊಪ್ಪು ಹಾಕಿದ್ದ ನಟರಾಜು, ಇದು ತಿಳಿಯದೆ, ಪುಟ್ಟಮಲ್ಲಮ್ಮನ ಸರದಿಯ ದಿನವೇ ಹೊರಗಿನ ಆಳುಗಳಿಂದ ಸೊಪ್ಪು ಮುರಿಸಿದ. ಆ ಆಳುಗಳಿಗೆ ಕಟ್ಟಲು ಬಾರದು, ಕಟ್ಟಬಲ್ಲ ಹೆಂಗಸರು ಸಿಗಲಿಲ್ಲ. ಎರಡರಷ್ಟು ಕೂಲಿ ಎಂದರೂ ಅವಳ ಹೊಲದಿಂದ ಒಬ್ಬಳೂ ಏಳಲಿಲ್ಲ. ಕೊನೆಗೆ ಬೇಲಿಯಾಚೆ ಅವನೇ ಬಂದು ನಿಂತ.

"ನೀವು ಒಂದು ಮಾತು ಹೇಳಿದ್ರೆ ಬರ್ತಾರಂತೆ, ಹೇಳಮ್ಮ."

"ನಮ್ದು ಮುಗುದ್ಮೇಲೆ ಎಲ್ರೂ ಬತ್ತೀವಿ. ಅವ್ರಿಗೆ ಕೂಲಿ ಕೊಡಿ. ನಂಗೆ ಬ್ಯಾಡ, ಮುಂದಿನ್ ವಾರ ಮುಯ್ಯಾಳ್ ಕೊಡಿ" ಎಂದಳು.

ಇಷ್ಟೇ ತಾನೇ ಎಂದು ಅವನು ಒಪ್ಪಿಕೊಂಡ. ಅವನ ಸೊಪ್ಪು ಉಳಿಯಿತು. ಮುಂದಿನ ವಾರ ಇಬ್ಬರು ಕೂಲಿಯವರನ್ನು ಕಳಿಸಿದ. "ಮನೆಯೋರೇ ಬರ್ಬೇಕು, ಅದು ಮುಯ್ಯಿ" ಎಂದು ಹೇಳಿ ಅವಳು ಅವರನ್ನು ವಾಪಸ್ ಅಟ್ಟಿದಳು. ಅವನ ಹೊಲದಲ್ಲಿ ಇನ್ನೊಂದು ಸುತ್ತಿನ ಸೊಪ್ಪು ಬಲಿತು ನಿಂತಿತ್ತು. ಈ ಹೆಂಗಸರನ್ನು ಎದುರು ಹಾಕಿಕೊಳ್ಳುವಂತಿರಲಿಲ್ಲ.

ಬಂದ ಪುಣ್ಯಾತ್ಮ. ತಾನೇ ಎಳೆದ ತಂತಿ ಅಡ್ಡವಾಗಿ, ಕಾರು ಬಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಏರಿ ಸುತ್ತಿ ಬಂದ. ಸಂಜೆಯವರೆಗೆ ಅವಳ ಪಕ್ಕ ಕೂತು ಸೊಪ್ಪು ಕಟ್ಟಿದ. ಅವನದು ಒಂದು ಕಡ್ಡಿ ಮುಗಿಯುವಷ್ಟರಲ್ಲಿ ಅವಳದು ಮೂರು. ನೋಡಿದ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಹೊರಟವನು ಏರಿಯ ಕೆಸರು ನೋಡಿ ನಿಂತುಬಿಟ್ಟ. ಸೊಪ್ಪಿನ ಅಂಟು ಹಿಡಿದ ಕೈಯಲ್ಲೇ ಫೋನು ತೆಗೆದು ಆಳನ್ನು ಕರೆಸಿ ತಂತಿ ಕತ್ತರಿಸಲು ಹೇಳಿದ.

ಪುಟ್ಟಮಲ್ಲಮ್ಮ ತಲೆ ಎತ್ತದೆ ಹೇಳಿದಳು: "ಗಾಡಿ ಓಗೋವಷ್ಟು ಅಗಲ ಬುಡ್ಸಿ ಸ್ವಾಮಿ. ಮುಂದಿನ್ ಸಲಾನೂ ನೀವು ಬರ್ಬೇಕಲ್ಲ."