ಕಂಠಿ ಮಾಡದ ಫೋನ್

ವಿಚಿತ್ರ ಅನುಭವ ಎಂದು ಯಾರಾದರೂ ಬಾಯಿ ತೆರೆದರೆ ಮೊದಲು ಅಡ್ಡಬಾಯಿ ಹಾಕುತ್ತಿದ್ದವನು ನಾನು. ಷಿಕಾಗೋ ಕಡೆಯ ನೇಪರ್‌ವಿಲ್‌ನಲ್ಲೋ ಮಿಷಿಗನ್ನಿನ ನಮ್ಮ ವಿಕ್ಸಮ್‌ನಲ್ಲೋ ಕನ್ನಡದವರು ನಾಲ್ಕು ಜನ ಸೇರಿ ಊಟ ಮುಗಿಸಿದರೆ ಇಂಥ ಕಥೆಗಳು ಶುರುವಾಗುತ್ತಿದ್ದವು. ಗಂಟೆ ಎಷ್ಟಾಗಿತ್ತು, ಮಲಗುವ ಮುಂಚೆ ಏನು ತಿಂದಿದ್ದಿರಿ ಎಂದು ನಾನು ಪಾಟೀಸವಾಲು ಹಾಕುತ್ತಿದ್ದೆ. ಕಥೆ ಹೇಳುವವರ ಮುಖ ಸಪ್ಪಗಾಗುವುದು ನೋಡಲು ನನಗೆ ಖುಷಿ. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನೀವು ನನಗೆ ಅದೇ ಮರ್ಯಾದೆ ಮಾಡಿದರೂ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಇದು ನಡೆದದ್ದು 2009ರ ಏಪ್ರಿಲ್‌ನಲ್ಲಿ. ಡೆಟ್ರಾಯಿಟ್ ಸುತ್ತಮುತ್ತ ಕೆಲಸ ಇದ್ದವರೂ ಇದೆ ಎಂದು ಜೋರಾಗಿ ಹೇಳಲು ಹೆದರುತ್ತಿದ್ದ ಕಾಲ. ನಮ್ಮದು ಕಾರಿನ ಬಿಡಿಭಾಗ ಮಾಡುವ ಕಂಪನಿ. ನಾನು ಡೆಟ್ರಾಯಿಟ್ ಹತ್ತಿರದ ವಿಕ್ಸಮ್‌ನಲ್ಲಿದ್ದೆ. ಶ್ರೀಕಂಠ, ಅಂದರೆ ಕಂಠಿ, ಅದೇ ಕಂಪನಿಯ, ಷಿಕಾಗೋ ಪಕ್ಕದ ಎಲ್ಕ್ ಗ್ರೋವ್ ವಿಲೇಜ್ ಶಾಖೆಯಲ್ಲಿ ಹೆಚ್ಚುಕಡಿಮೆ ಅದೇ ಕೆಲಸದಲ್ಲಿದ್ದ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವಾಗ ನಾಲ್ಕು ವರ್ಷ ಒಂದೇ ರೂಮಿನಲ್ಲಿದ್ದವರು ನಾವು. ಈ ಕಂಪನಿಗೆ ನನ್ನನ್ನು ಸೇರಿಸಿದವನೂ ಅವನೇ.

ಕಂಠಿ ಅರಸೀಕೆರೆಯವನು, ರೈಲಿನ ಹುಚ್ಚ. ಕೆಲಸ ಇರುವಾಗಲೇ ಯೂರೋಪ್ ನೋಡಿಬಿಡೋಣ, ಆಮೇಲೆ ನಮ್ಮನ್ನು ಈ ಕಡೆ ಯಾರು ಕರೆಯುತ್ತಾರೆ ಎಂದು ಅವನೇ ಶುರು ಮಾಡಿದ. ಅವನು ಮತ್ತು ಹೆಂಡತಿ ವಿದ್ಯಾ, ನಾನು ಮತ್ತು ಸುಧಾ. ಪ್ಯಾರಿಸ್, ಜ್ಯೂರಿಕ್, ವಿಯೆನ್ನಾ, ವೆನಿಸ್, ರೋಮ್. ಹದಿನೈದು ದಿನ, ಹದಿನಾಲ್ಕು ರೈಲು. ಎಲ್ಲ ರೈಲಿಗೂ ಆಗುವ ಒಂದು ಪಾಸ್ ಇತ್ತು. ಜೊತೆಯಾಗಿ ಹೋಗುವವರಿಗೆ ಅದರಲ್ಲಿ ರಿಯಾಯಿತಿ. ಆದರೆ ಒಂದೇ ಕಾಗದದ ಮೇಲೆ ನಾಲ್ವರ ಹೆಸರು. ನಾಲ್ವರೂ ಒಟ್ಟಿಗೇ ಹತ್ತಬೇಕು, ಒಟ್ಟಿಗೇ ಇಳಿಯಬೇಕು. ಸ್ವಿಟ್ಜರ್ಲೆಂಡಿನಲ್ಲಿ ಒಂದು ರೈಲು ನಡುದಾರಿಯಲ್ಲಿ ಎರಡಾಗಿ ಬೇರೆ ಬೇರೆ ಊರಿಗೆ ಹೋಗುತ್ತದೆ, ಸರಿಯಾದ ಬೋಗಿಯಲ್ಲಿ ಕೂರದಿದ್ದರೆ ಕೆಟ್ಟೆವು ಎಂದು ಕಂಠಿ ವಾರಕ್ಕೆ ಮೂರು ಸಲ ಹೇಳುತ್ತಿದ್ದ. "ನಮ್ಮೂರಲ್ಲಿ ಬೋಗಿ ಕಳಚಿ ಇನ್ನೊಂದಕ್ಕೆ ತಗುಲಿಸ್ತಿದ್ರಲ್ಲ, ಹಂಗೆ ಕಣೋ" ಎನ್ನುತ್ತಿದ್ದ. ಆಗ ಅವನ ದನಿ ಹತ್ತು ವರ್ಷದ ಹುಡುಗನದಾಗುತ್ತಿತ್ತು.

ಆ ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ನಮ್ಮಿಬ್ಬರಿಗೂ ಮೇಲಿನವನಾಗಿದ್ದ ಮ್ಯಾನೇಜರ್ ನನಗೆ ಫೋನ್ ಮಾಡಿದ. ಎರಡು ಜಾಗದಲ್ಲಿ ಒಂದೇ ಉಳಿಯುತ್ತದೆ, ನೀನು ಇಬ್ಬರ ಕೆಲಸವನ್ನೂ ಬಲ್ಲೆ, ಮುಚ್ಚುಮರೆಯಿಲ್ಲದೆ ಹೇಳು ಎಂದ. ನನಗೆ ಹೇಳಲಾಗದು ಎನ್ನಬಹುದಿತ್ತು. ನಾನು ಹಾಗೆನ್ನಲಿಲ್ಲ. ಸುಧಾ ನನ್ನ ವೀಸಾ ಮೇಲೆ ಇದ್ದವಳು, ನನ್ನ ಕೆಲಸ ಹೋದರೆ ಇಬ್ಬರೂ ಗಂಟುಮೂಟೆ ಕಟ್ಟಬೇಕು. ವಿದ್ಯಾಗೆ ಅವಳದೇ ಕೆಲಸವಿತ್ತು, ಅವಳದೇ ವೀಸಾ ಇತ್ತು. "ಹೆಂಡತಿಯ ವೀಸಾ ಮೇಲೆ ಅವನು ಹೇಗೋ ಇರುತ್ತಾನೆ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಕೆಲಸದ ಬಗ್ಗೆ ಕೇಳಿದ್ದಕ್ಕೆ ಹೆಂಡತಿಯ ಬಗ್ಗೆ ಉತ್ತರ ಕೊಟ್ಟೆ, ಯಾಕೆಂದರೆ ಕೆಲಸದಲ್ಲಿ ಅವನು ನನಗಿಂತ ಮೇಲು. ತೆಗೆಯುವವನ ಹೆಸರು ಸೋಮವಾರ ಬೆಳಿಗ್ಗೆ ಮೇಲಕ್ಕೆ ಕಳಿಸುತ್ತೇನೆ, ಅಷ್ಟರಲ್ಲಿ ಬೇರೆ ಏನಾದರೂ ಅನಿಸಿದರೆ ಮೊಬೈಲಿಗೆ ಮಾಡು ಎಂದು ಅವನು ಫೋನಿಟ್ಟ. ಎಲ್ಲ ಸೇರಿ ಐದು ನಿಮಿಷ.

ಆರು ಗಂಟೆಗೆ ಮನೆಗೆ ಬಂದೆ. ಹೊರಗೆ ಇನ್ನೂ ಚೆನ್ನಾಗಿ ಬೆಳಕಿತ್ತು. ಸುಧಾ ಬೇಸ್‌ಮೆಂಟಿನಲ್ಲಿ ಬಟ್ಟೆ ಒಗೆಯಲು ಹಾಕುತ್ತಿದ್ದಳು. ಅಡುಗೆಮನೆಯಲ್ಲಿ ಫೋನಿನ ಪಕ್ಕದ ಆನ್ಸರಿಂಗ್ ಮಷೀನಿನ ಕೆಂಪು ದೀಪ ಮಿನುಗುತ್ತಿತ್ತು. ಗುಂಡಿ ಒತ್ತಿದೆ. ಶುಕ್ರವಾರ, ಮಧ್ಯಾಹ್ನ ಎರಡು ಹತ್ತು ಎಂದು ಮಷೀನು ಎಂದಿನಂತೆ ಇಂಗ್ಲಿಷಿನಲ್ಲಿ ಹೇಳಿತು. ಆಮೇಲೆ ಕಂಠಿಯ ದನಿ.

"ಲೋ, ನಾನು ಕಂಠಿ. ಹೆಂಡ್ತಿ ವೀಸಾ ಮೇಲೆ ಹೇಗೋ ಇರ್ತಾನೆ ಅಂದ್ಯಲ್ಲ, ತಪ್ಪೇನಿಲ್ಲ ಬಿಡು. ಆದ್ರೆ ವಿದ್ಯಾ ಕೆಲಸ ಬುಧವಾರನೇ ಹೋಯ್ತು. ಪಾಸ್‌ನಲ್ಲಿ ನಿಮ್ಮಿಬ್ಬರ ಹೆಸರು ಮಾತ್ರ ಇರ್ಲಿ. ನಮ್ಮ ಬೋಗಿ ಕಳಚ್ತು ಅಂದ್ಕೊ."

ಅಷ್ಟೇ. ದನಿಯಲ್ಲಿ ಸಿಟ್ಟಿರಲಿಲ್ಲ. ರೈಲಿನ ಸಮಯ ಹೇಳುವಾಗ ಮಾತಾಡುವ ಹಾಗೇ ಮಾತಾಡಿದ್ದ. ನಾನು ಇಂಗ್ಲಿಷಿನಲ್ಲಿ ಆಡಿದ ಮಾತು ಕನ್ನಡದಲ್ಲಿ ವಾಪಸ್ ಬಂದಿತ್ತು. ಅದೂ ನಾನು ಆಡುವುದಕ್ಕೆ ಐವತ್ತು ನಿಮಿಷ ಮುಂಚೆ. ಕೈಗಡಿಯಾರ ನೋಡಿದೆ, ಮಷೀನಿನ ಗಡಿಯಾರ ನೋಡಿದೆ. ಎರಡೂ ಒಂದೇ. ಇನ್ನೊಂದು ಸಲ ಕೇಳಿದೆ. ಅಷ್ಟರಲ್ಲಿ ಸುಧಾ ಮೆಟ್ಟಿಲು ಹತ್ತುವ ಸದ್ದಾಯಿತು. ನಾನು ಅದನ್ನು ಅಳಿಸಿದೆ. ಹೆದರಿ ಅಳಿಸಿದೆ ಎಂದು ಹೇಳಿದರೆ ನಿಮಗೆ ಕನಿಕರ ಬರಬಹುದು. ಹೆದರಿಕೆ ಇದ್ದದ್ದು ನಿಜ, ಆದರೆ ಅದು ದೆವ್ವದ್ದಲ್ಲ, ಸುಧಾಳದ್ದು.

"ಲೈಬ್ರರಿಯಿಂದ ಬರೋಷ್ಟೊತ್ತಿಗೆ ಲೈಟ್ ಮಿನುಗ್ತಿತ್ತು, ಯಾರ ಮೆಸೇಜು?" ಎಂದು ಅವಳು ಕೇಳಿದಳು. ಎಷ್ಟು ಗಂಟೆಗೆ ಬಂದೆ ಎಂದೆ. ಎರಡು ಮುಕ್ಕಾಲು ಎಂದಳು. ಯಾರೋ ರಾಂಗ್ ನಂಬರ್ ಎಂದೆ.

ಊಟವಾದ ಮೇಲೆ ತಡೆಯಲಾರದೆ ಕಂಠಿಗೆ ಫೋನ್ ಮಾಡಿದೆ. ಮಧ್ಯಾಹ್ನ ನಮ್ಮ ಮನೆಗೆ ಮಾಡಿದ್ದೆಯಾ ಎಂದು ಕೇಳಿದೆ.

"ಇಲ್ವಲ್ಲೋ. ಇವತ್ತು ಇಡೀ ದಿನ ಫ್ಯಾಕ್ಟರಿ ಒಳಗೆ ಶಾಪ್ ಫ್ಲೋರಲ್ಲೇ ಇದ್ದೆ. ಯಾಕೆ?"

"ಏನಿಲ್ಲ. ವಿದ್ಯಾ ಕೆಲಸದ ವಿಷಯ ಗೊತ್ತಾಯ್ತು, ಅದಕ್ಕೇ."

"ನಿಂಗ್ಯಾರು ಹೇಳಿದ್ದು? ನಾವಿನ್ನೂ ಊರಿಗೂ ಫೋನ್ ಮಾಡಿಲ್ಲ" ಎಂದ. ಸುಧಾ ಯಾರಿಂದಲೋ ಕೇಳಿದಳು ಎಂದು ಬಾಯಿಗೆ ಬಂದದ್ದನ್ನು ಹೇಳಿದೆ. "ಹೋಗ್ಲಿ ಬಿಡು. ನನ್ನದೊಂದು ಇದ್ಯಲ್ಲ, ಸದ್ಯಕ್ಕೆ ಸಾಕು. ಟ್ರಿಪ್ ಮಾತ್ರ ಬಿಡೋದು ಬೇಡ ಕಣೋ, ವಿದ್ಯಾಗೂ ಸ್ವಲ್ಪ ಮನಸ್ಸು ಹಗುರಾಗುತ್ತೆ" ಎಂದ. ನಾನು ಹೂಂ ಎಂದೆ.

ಮಾರನೆಯ ದಿನ ಅವನಿಂದ ಇ-ಮೇಲ್ ಬಂತು. ಪಾಸಿಗೆ ಆರ್ಡರ್ ಮಾಡಿದ್ದ. ನಾಲ್ಕು ಹೆಸರೂ ಸರಿಯಿದೆಯಾ ನೋಡು ಎಂದು ಬರೆದಿದ್ದ. ನನ್ನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು, ತಿದ್ದಿ ಕಳಿಸಿದೆ. ಮ್ಯಾನೇಜರ್ ನಂಬರು ಮೊಬೈಲಿನಲ್ಲೇ ಇತ್ತು. ಶನಿವಾರ ಎರಡು ಸಲ ತೆಗೆದು ನೋಡಿದೆ, ಭಾನುವಾರ ಒಂದು ಸಲ.

ಸೋಮವಾರ ಹತ್ತೂವರೆಗೆ ಕಂಠಿಯೇ ಫೋನ್ ಮಾಡಿದ. "ನಂದೂ ಹೋಯ್ತು ಕಣೋ. ನಿಂದು ಉಳೀತಂತೆ, ಒಳ್ಳೇದಾಯ್ತು" ಎಂದ. ಅದನ್ನು ಅವನು ಮನಸಾರೆ ಹೇಳಿದ, ಅದೇ ನನಗೆ ಇವತ್ತಿಗೂ ಚುಚ್ಚುವುದು. ಆ ಕಾಲದಲ್ಲಿ ಹೊಸ ಕೆಲಸ ಎಲ್ಲಿ ಸಿಗಬೇಕು. ಒಂದು ತಿಂಗಳೊಳಗೆ ಸಾಮಾನು ಸಿಕ್ಕವರಿಗೆ ಕೊಟ್ಟು ಗಂಡ ಹೆಂಡತಿ ಇಬ್ಬರೂ ಹೊರಟುಹೋದರು. ಯೂರೋಪನ್ನು ನಾವು ಯಾರೂ ನೋಡಲಿಲ್ಲ. ನಾನು ಇಂದಿಗೂ ಅದೇ ಕಂಪನಿಯಲ್ಲಿದ್ದೇನೆ, ಆಗ ಕಂಠಿ ಕೂತಿದ್ದಕ್ಕಿಂತ ಎರಡು ಮೆಟ್ಟಿಲು ಮೇಲಿನ ಕುರ್ಚಿಯಲ್ಲಿ.

ಪಾಟೀಸವಾಲು ಹಾಕುವವರಿಗೆ ಕೆಲಸ ಉಳಿಸುತ್ತೇನೆ, ನಾನೇ ಎಲ್ಲವನ್ನೂ ಹಾಕಿ ನೋಡಿದ್ದೇನೆ. ಷಿಕಾಗೋದ ಗಡಿಯಾರ ನಮಗಿಂತ ಒಂದು ಗಂಟೆ ಹಿಂದೆ, ಅಲ್ಲಿನ ಎರಡು ಹತ್ತು ಎಂದರೆ ಇಲ್ಲಿನ ಮೂರು ಹತ್ತು, ಆಗ ಲೆಕ್ಕ ಸರಿಹೋಗುತ್ತದಲ್ಲ ಎನ್ನುತ್ತೀರಿ. ಆದರೆ ಮಷೀನು ಇದ್ದದ್ದು ಮಿಷಿಗನ್ನಿನಲ್ಲಿ, ಮತ್ತು ಸುಧಾ ಆ ದೀಪವನ್ನು ಎರಡು ಮುಕ್ಕಾಲಿಗೇ ನೋಡಿದ್ದಳು. ತಪ್ಪು ಮಾಡಿದವನ ಕಿವಿಗೆ ಏನು ಬೇಕಾದರೂ ಕೇಳಿಸುತ್ತದೆ ಎನ್ನುತ್ತೀರಿ. ಇರಬಹುದು. ಹಾಗಾದರೆ ವಿದ್ಯಾಳ ಕೆಲಸ ಹೋದದ್ದು ನನಗೆ ಹೇಗೆ ತಿಳಿಯಿತು? ಇಷ್ಟು ವರ್ಷವಾದರೂ ನನಗೆ ಗೊತ್ತಾಗಿಲ್ಲ. ಗೊತ್ತಿರುವುದು ಇಷ್ಟೇ: ಯಾರೋ ನನಗೆ ಎರಡು ದಿನ ಮುಂಚೆ ತಿಳಿಸಿದ್ದರು, ಮತ್ತು ನಾನು ಆ ಎರಡು ದಿನ ಸುಮ್ಮನೆ ಕೂತಿದ್ದೆ.

ಕಂಠಿ ಈಗ ಮೈಸೂರಿನಲ್ಲಿದ್ದಾನೆ. ಪ್ರತಿ ಯುಗಾದಿಗೆ ತಪ್ಪದೆ ಫೋನ್ ಮಾಡುತ್ತಾನೆ. ಈ ವರ್ಷ ಮೊದಲು ಸುಧಾಳ ಹತ್ತಿರ ಮಾತಾಡಿ, ಆಮೇಲೆ ನನಗೆ ಕೊಡಲು ಹೇಳಿದ.

"ಅವತ್ತು ವಿದ್ಯಾ ವಿಷಯ ಸುಧಾ ಹೇಳಿದ್ದು ಅಂದಿದ್ದೆ. ಈಗ ಕೇಳಿದ್ರೆ, ನೀವು ಹೊರಡೋವರೆಗೂ ನಂಗೆ ಗೊತ್ತೇ ಇರ್ಲಿಲ್ಲ ಅಂತಾಳೆ. ನಿಜ ಹೇಳು, ಯಾರು ಹೇಳಿದ್ದು?"

ನೀನೇ ಎಂದು ಹೇಳಬೇಕಿತ್ತು. ಹಾಗೆಂದರೆ ಆ ಮೆಸೇಜಿನ ಮೊದಲಿಗೇ ಇದ್ದ ಹೆಂಡತಿಯ ವೀಸಾ ಮಾತಿನಿಂದ ಶುರು ಮಾಡಬೇಕಾಗುತ್ತದೆ.

"ನೆನಪಿಲ್ಲ ಕಣೋ" ಎಂದೆ.