ಕೆಳಗಿನ ಕಪ್ಪು ಪಟ್ಟಿ

ಮಗ್ಗದ ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಲಾಳಿಯಕ್ಕ ಎನ್ನುತ್ತಿದ್ದರು. ಮಗ್ಗದೊಳಗೆ ಲಾಳಿ ಅತ್ತಿಂದಿತ್ತ ಓಡುವ ಹಾಗೆ ತನ್ನ ಪಾಲಿನ ಮಗ್ಗಗಳ ನಡುವೆ ಬೆಳಗಿನಿಂದ ಸಂಜೆಯವರೆಗೆ ಓಡಾಡುವವಳು ಎಂದು ಆ ಹೆಸರು. ಎದುರಿಗೇ ಹಾಗೆ ಕರೆಯುತ್ತಿದ್ದರು. ಕರೆದದ್ದು ಅವಳಿಗೆ ಕೇಳಿಸುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ವಿದ್ಯುತ್ ಮಗ್ಗಗಳ ಸದ್ದು ವಯಸ್ಸಿದ್ದಾಗಲೇ ಅವಳ ಕಿವಿಗಳನ್ನು ತಿಂದುಹಾಕಿತ್ತು. ಹಾಗೆಂದು ಯಾರಾದರೂ ಕಿವುಡಿ ಎಂದರೆ ಮಾತ್ರ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ತುಟಿ ನೋಡಿ ಮಾತು ತಿಳಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಜನ ಆಡುವ ಮಾತಿನಲ್ಲಿ ಮುಕ್ಕಾಲು ಪಾಲು ಕೇಳಿಸದಿದ್ದರೂ ನಷ್ಟವೇನಿಲ್ಲ ಎಂದು ಅವಳೇ ಹೇಳುತ್ತಿದ್ದಳು.

ಶೆಡ್ಡಿನೊಳಗೆ ಕಿವಿ ನೆಟ್ಟಗಿದ್ದವರೂ ಬಾಯಿ ಬಿಡುತ್ತಿರಲಿಲ್ಲ. ಅಲ್ಲಿನ ಮಾತೆಲ್ಲ ಕೈಯದು. ಎರಡು ಬೆರಳುಗಳ ತುದಿ ಕೂಡಿಸಿ ಬೇರೆ ಮಾಡಿದರೆ ಎಳೆ ಹರಿದಿದೆ ಎಂದು. ತೋರುಬೆರಳನ್ನು ಗಿರಗಿರನೆ ತಿರುಗಿಸಿದರೆ ಎಲ್ಲ ಸರಿಯಿದೆ, ಓಡಲಿ. ಮುಷ್ಟಿ ಕಟ್ಟಿ ಕೆಳಕ್ಕೆ ಎಳೆದರೆ ಮಗ್ಗ ನಿಲ್ಲಿಸು. ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟರೆ ಮೇಸ್ತ್ರಿ ನೋಡುತ್ತಿದ್ದಾನೆ, ಹುಷಾರು. ಮೇಸ್ತ್ರಿಯ ಕಣ್ಣಿಗೆ ಬೀಳಬಾರದೆಂದು ಇದನ್ನೆಲ್ಲ ಸೊಂಟದ ಮಟ್ಟದಲ್ಲಿ, ಮಗ್ಗದ ಮರೆಯಲ್ಲಿ ಆಡಬೇಕು. ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತುವುದು ಮಾತ್ರ ಬೇರೆ. ಯಾರದಾದರೂ ಕೈಯೋ ಕೂದಲೋ ಯಂತ್ರಕ್ಕೆ ಸಿಕ್ಕಾಗ ಹಾಗೆ ಎತ್ತುತ್ತಾರೆ. ಕಂಡವರು ಕಾರಣ ಕೇಳದೆ ಮೇನ್ ಸ್ವಿಚ್ಚಿಗೆ ಓಡಬೇಕು.

ಲಾಳಿಯಕ್ಕನ ಒಬ್ಬಳೇ ಮಗಳು ಈ ಮಾತಿನಲ್ಲೇ ಬೆಳೆದವಳು. ಅಪ್ಪ ಇಲ್ಲದ ಮಗು. ಶಾಲೆ ಬಿಟ್ಟ ಮೇಲೆ ನೂಲಿನ ಚೀಲಗಳ ಮೇಲೆ ಕೂತು ಅಮ್ಮನ ಕೈ ನೋಡುತ್ತಿತ್ತು. ಮನೆಯಲ್ಲಿ ಊಟಕ್ಕೆ ಕೂತಾಗಲೂ ಇಬ್ಬರ ಕೈಗಳೂ ಸೊಂಟದ ಹತ್ತಿರವೇ ಆಡುತ್ತಿದ್ದವು, ಅಡುಗೆಮನೆಯಲ್ಲೂ ಯಾವನೋ ಮೇಸ್ತ್ರಿ ನಿಂತಿದ್ದಾನೆ ಎನ್ನುವ ಹಾಗೆ.

ಮದುವೆಯಾಗಿ ಮಗಳು ಬೇರೆ ಊರಿಗೆ ಹೋದಳು. ವಾರಕ್ಕೊಂದು ವಿಡಿಯೊ ಬರುತ್ತಿತ್ತು. ತೆಗೆಯುತ್ತಿದ್ದವನು ಅಳಿಯ. "ಅವಳ ಫೋನ್ ಹಾಳಾಗಿದೆ ಅತ್ತೆ, ನಾನೇ ತೆಗೆದು ಕಳಿಸ್ತೀನಿ" ಎಂದು ಮೊದಲನೆಯದರಲ್ಲೇ ಹೇಳಿದ್ದ, ಮುಖದ ತುಂಬ ನಗು ಇಟ್ಟುಕೊಂಡು. ಅದು ರಿಪೇರಿಯಾಗಲೇ ಇಲ್ಲ. ಶೆಡ್ಡಿನಲ್ಲಿ ಎಲ್ಲರೂ ಅವನನ್ನು ಹೊಗಳುವವರೇ. ಹೆಂಡತಿಯ ತಾಯಿಗಾಗಿ ಇಷ್ಟು ಮಾಡುವ ಗಂಡಸು ಯಾರಿದ್ದಾರೆ ಎನ್ನುತ್ತಿದ್ದರು. ಲಾಳಿಯಕ್ಕನಿಗೂ ಹೆಮ್ಮೆಯೇ.

ಕೊರಗು ಇದ್ದದ್ದು ಮಗಳ ಮೇಲೆ. ಕುರ್ಚಿಯಲ್ಲಿ ನೆಟ್ಟಗೆ ಕೂತು "ಚೆನ್ನಾಗಿದ್ದೀನಮ್ಮ, ಇವರು ಚೆನ್ನಾಗಿ ನೋಡ್ಕೋತಾರೆ" ಎಂದು ತುಟಿಯಲ್ಲಿ ಮಾತ್ರ ಹೇಳುತ್ತಿದ್ದಳು. ಕೈಯನ್ನು ಒಮ್ಮೆಯೂ ಮೇಲೆತ್ತಲಿಲ್ಲ. ಗಂಡನ ಮನೆಗೆ ಹೋದ ಮೇಲೆ ಅಮ್ಮನ ಕೈಮಾತು ನಾಚಿಕೆಯಾಯಿತೇನೋ ಎಂದು ಲಾಳಿಯಕ್ಕನಿಗೆ ಸಂಕಟವಾಗುತ್ತಿತ್ತು. ಅದಕ್ಕೇ ಹಟ ಹಿಡಿದವಳಂತೆ ಪ್ರತಿ ವಿಡಿಯೊಗೂ ಕೈಯಲ್ಲೇ ಉತ್ತರ ಕಳಿಸುತ್ತಿದ್ದಳು. ನಗುತ್ತ, ತೋರುಬೆರಳನ್ನು ಗಿರಗಿರನೆ ತಿರುಗಿಸಿ: ಓಡಲಿ.

ಅವಳ ಫೋನು ಹಳೆಯದು. ತೆರೆಯ ಬುಡದಲ್ಲಿ ದಪ್ಪನೆಯ ಕಪ್ಪು ಪಟ್ಟಿ, ಅದರ ಮೇಲೆ ಮೂರು ಬಟನ್. ಯಾವ ವಿಡಿಯೊ ಹಾಕಿದರೂ ಆ ಪಟ್ಟಿ ಚಿತ್ರದ ಮೇಲೇ ಕೂತಿರುತ್ತಿತ್ತು. ಇಷ್ಟು ದಿನ ಅವಳಿಗೆ ಅದರ ಗೊಡವೆಯಿರಲಿಲ್ಲ. ಮಗಳಿಗೆ ಐದನೇ ತಿಂಗಳು ಎಂದು ಗೊತ್ತಾದ ಮೇಲೆ ಮಾತ್ರ ಅದನ್ನು ಕಂಡರೆ ಆಗದಾಯಿತು. ಎದೆಯವರೆಗೆ ಕಾಣುವ ಮಗಳು ಅದರ ಕೆಳಗೆ ಕಾಣೆಯಾಗುತ್ತಿದ್ದಳು.

ಒಂದು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಮೊಬೈಲ್ ಅಂಗಡಿಗೆ ಹೋದಳು. ಅಂಗಡಿಯವನಿಗೆ ತುಟಿ ಮುಚ್ಚುವಂಥ ಮೀಸೆ. ಅವನೊಡನೆ ಮಾತಾಡುವುದೆಂದರೆ ಅವಳಿಗೆ ತಲೆನೋವು.

"ಈ ಪಟ್ಟಿ ತೆಗೆದುಹಾಕಪ್ಪ. ಹೊಟ್ಟೆ ಕಾಣಲ್ಲ."

ಅವನು ಮೀಸೆಯನ್ನು ಬೆರಳಲ್ಲಿ ಎತ್ತಿ ಹಿಡಿದು ಕೇಳಿದ. "ಯಾರ ಹೊಟ್ಟೆ ಅಕ್ಕ?"

"ನಿಂದಲ್ಲ. ನಿಂದು ಬೀದಿಗೇ ಕಾಣುತ್ತೆ. ನನ್ನ ಮಗಳದು."

ಅವನು ನಗುತ್ತ ಸೆಟ್ಟಿಂಗ್ಸ್ ತೆರೆದು ಏನೇನೋ ಒತ್ತಿದ. ಪಟ್ಟಿ ಮಾಯವಾಯಿತು. "ಇನ್ನು ಬಟನ್ ಇರಲ್ಲ. ಹೊರಗೆ ಬರ್ಬೇಕು ಅಂದ್ರೆ ಕೆಳಗಿನ ಅಂಚಿಂದ ಮೇಲಕ್ಕೆ ಬೆರಳು ತಳ್ಳಿ. ಮರೆತ್ರೆ ಒಳಗೇ ಸಿಕ್ಕಿ ಹಾಕ್ಕೊಂಡು ಕೂತಿರ್ತೀರಿ" ಎಂದು ಎರಡು ಸಲ ಮಾಡಿಸಿ ತೋರಿಸಿದ. ಆಮೇಲೆ ಹಿಂದಿನ ದಿನ ಬಂದಿದ್ದ ವಿಡಿಯೊ ಹಾಕಿದ.

ತೆರೆಯ ತುಂಬ ಮಗಳು. ತಿಳಿನೀಲಿ ಉಡುಪಿನಡಿ ಹೊಟ್ಟೆ ದುಂಡಗೆ ಬಂದಿತ್ತು. ಲಾಳಿಯಕ್ಕನ ಕಣ್ಣು ತುಂಬಿತು. ಹೊಟ್ಟೆಯ ಮೇಲೆ ಎರಡೂ ಕೈಗಳು ಅಲ್ಲಾಡದೆ ಬಿದ್ದಿದ್ದವು. ಬಲಗೈಯ ಎರಡು ಬೆರಳನ್ನು ಸೇರಿಸಿ ಬಟ್ಟೆ ಸುತ್ತಿತ್ತು.

"ಚೆನ್ನಾಗಿದ್ದೀನಮ್ಮ" ಎಂದಿತು ತುಟಿ. ಬೆರಳಿಗೆ ಏನಾಯಿತೆಂದು ತುಟಿ ಹೇಳಲಿಲ್ಲ.

ಶೆಡ್ಡಿಗೆ ಬಂದು ಮಗ್ಗ ಹಾಕಿದರೂ ಅವಳ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಊಟಕ್ಕೆ ಕೆಲವರು ಎದ್ದಾಗ, ತನ್ನ ಮಗ್ಗಗಳನ್ನು ಓಡಲು ಬಿಟ್ಟು, ನೂಲಿನ ಚೀಲದ ಮೇಲೆ ಕೂತು ಹಳೆಯ ವಿಡಿಯೊಗಳನ್ನು ತೆರೆದಳು. ಮೊಟ್ಟಮೊದಲನೆಯದರಿಂದ.

ಮೊದಲನೆಯದರಲ್ಲಿ ಮಗಳ ಕೈಗಳು ತೊಡೆಯ ಮೇಲೆ ಶಾಲಿನ ಅಂಚು ಹೊಸೆಯುತ್ತಿದ್ದವು. ಹೊರಗಿನವರಿಗೆ ಅದು ಬೆರಳಾಡಿಸುವ ಚಟ. ಲಾಳಿಯಕ್ಕ ಫೋನನ್ನು ಕಣ್ಣಿನ ಹತ್ತಿರ ತಂದಳು. ಎಳೆ ಹರಿದಿದೆ. ಎಳೆ ಹರಿದಿದೆ. ಮೇಸ್ತ್ರಿ ನೋಡುತ್ತಿದ್ದಾನೆ. ಮಗ್ಗ ನಿಲ್ಲಿಸು ಅಮ್ಮ, ನಿಲ್ಲಿಸು. ಮೇಲೆ ತುಟಿ ಮಾತ್ರ ಅಳಿಯ ಒಳ್ಳೆಯವನೆಂದು ಹೇಳುತ್ತಿತ್ತು.

ಅದರ ಕೆಳಗೇ ಅವಳ ಉತ್ತರ ಇತ್ತು. ಅವಳದೇ ಮುಖ, ಹಲ್ಲುಬಿಟ್ಟ ನಗು, ಗಿರಗಿರನೆ ತಿರುಗುವ ಬೆರಳು. ಓಡಲಿ.

ಎರಡನೆಯದು. ನಿಲ್ಲಿಸು. ಓಡಲಿ. ಮುಂದಿನದು. ನಿಲ್ಲಿಸು. ಓಡಲಿ. ಬರಬರುತ್ತ ಮಗಳ ಮಾತು ಚಿಕ್ಕದಾಗುತ್ತ ಹೋಗಿತ್ತು. ನಡುವಿನವುಗಳಲ್ಲಿ ಒಂದು ಮುಷ್ಟಿ ಮಾತ್ರ, ಸೋತು ಕೆಳಕ್ಕೆ ಇಳಿಯುತ್ತಿತ್ತು. ಕೊನೆಯ ಕೆಲವುಗಳಲ್ಲಿ ಕೈಗಳು ಅಮ್ಮನೊಡನೆ ಮಾತು ಬಿಟ್ಟಿದ್ದವು.

ಲಾಳಿಯಕ್ಕ ಫೋನನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಎದ್ದು ನಿಂತಳು. ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿದಳು.

ಯಾರೋ ಓಡಿದರು. ಕಾಲಡಿಯ ನೆಲದ ನಡುಕ ನಿಂತದ್ದರಿಂದ ಶೆಡ್ಡು ನಿಂತಿದೆಯೆಂದು ಅವಳಿಗೆ ಗೊತ್ತಾಯಿತು. ಎಲ್ಲರೂ ಸುತ್ತ ಮುತ್ತಿ ಅವಳ ಕೈ, ಕೂದಲು, ಬಟ್ಟೆಯ ಅಂಚು ನೋಡುತ್ತಿದ್ದರು. ರಕ್ತ ಎಲ್ಲೂ ಇರಲಿಲ್ಲ. ಅವಳು ಫೋನನ್ನು ಮುಂದೆ ಚಾಚಿದಳು. ಪಕ್ಕದ ಮಗ್ಗದ ಉದ್ದನೆಯ ಹೆಂಗಸು ನೋಡಿ ಬಾಯಿಗೆ ಅಡ್ಡ ಕೈ ಹಿಡಿದಳು. ಅವಳ ಭುಜದ ಮೇಲಿಂದ ಮೇಸ್ತ್ರಿಯೂ ಬಗ್ಗಿ ನೋಡಿದ.

"ಅವಳನ್ನ ಕರ್ಕೊಂಡು ಬರೋಣ, ನಡಿ" ಎಂದ ಮೇಸ್ತ್ರಿ. ಎಲ್ಲರೂ ಅವನ ಮುಖ ನೋಡಿದರು. "ನಿಮ್ಮ ಕೈಮಾತು ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ರಾ? ಮುಷ್ಟಿಯೊಳಗಿನ ಹೆಬ್ಬೆರಳು ಅಂದ್ರೆ ನಾನೇ ಅಂತ ಬಂದ ಮೊದಲನೇ ವಾರಾನೇ ಗೊತ್ತಾಯ್ತು."

ನೂಲು ಸಾಗಿಸುವ ವ್ಯಾನಿನಲ್ಲಿ ಹೊರಟರು. ಮೇಸ್ತ್ರಿ ಓಡಿಸಿದ, ಉದ್ದನೆಯವಳು ಜೊತೆಗೆ ಬಂದಳು. ದಾರಿಯುದ್ದಕ್ಕೂ ಲಾಳಿಯಕ್ಕ ಆ ಮಾತನ್ನೇ ಯೋಚಿಸಿದಳು. ದೂರದಿಂದ ಕದ್ದು ನೋಡಿದ ಮೇಸ್ತ್ರಿಗೆ ಒಂದು ವಾರ ಸಾಕಾಯಿತು. ಅಳಿಯ ತಿಂಗಳುಗಟ್ಟಲೆ ಆ ಕೈಗಳನ್ನು ಎದುರಿಗೇ ಕೂರಿಸಿಕೊಂಡು, ಅಮ್ಮನ ಉತ್ತರಗಳನ್ನೂ ತಾನೇ ತೆರೆದು ತೋರಿಸುತ್ತಿದ್ದವನು. ಅವನಿಗೆ ಗೊತ್ತಾಗದೆ ಇದ್ದೀತೇ? ಬಟ್ಟೆ ಸುತ್ತಿದ ಆ ಎರಡು ಬೆರಳು ಅವಳ ಕಣ್ಣಮುಂದೆ ಬಂದವು.

ಆ ಮನೆಯ ಬಾಗಿಲಿಗೆ ಹೊರಗಿನಿಂದಲೂ ಒಂದು ಚಿಲಕ ಇತ್ತು, ಹೊಸದು. ಬಾಗಿಲು ತೆರೆದವನು ಅಳಿಯ. ಕೈಯಲ್ಲಿ ಫೋನು, ಮುಖದಲ್ಲಿ ಅದೇ ನಗು.

"ಏನತ್ತೆ, ಹೇಳಿ ಬರೋದಲ್ವಾ? ಅವಳು ಮಲಗಿದ್ದಾಳೆ."

ಅವಳು ಮಲಗಿರಲಿಲ್ಲ. ಅವನ ಹಿಂದೆ, ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಮುಖದ ಕಡೆ ನೋಡದೆ ಅಮ್ಮನ ಕೈಗಳನ್ನೇ ನೋಡುತ್ತಿದ್ದಳು, ಈಗಲೂ ಬೆರಳು ತಿರುಗುತ್ತದೋ ಏನೋ ಎಂಬ ಹಾಗೆ. ಲಾಳಿಯಕ್ಕ ಸೊಂಟದ ಮಟ್ಟದಲ್ಲಿ ಮುಷ್ಟಿ ಕಟ್ಟಿ ಕೆಳಕ್ಕೆ ಎಳೆದಳು.

ಮಗಳು ಚಪ್ಪಲಿಯನ್ನೂ ಹುಡುಕದೆ ಹೊರಗೆ ಬಂದಳು.

ಅಳಿಯ ತಡೆಯಲಿಲ್ಲ. ಮೆಟ್ಟಿಲ ಕೆಳಗೆ ಕೈಕಟ್ಟಿ ನಿಂತಿದ್ದ ಮೇಸ್ತ್ರಿಯನ್ನು ಒಮ್ಮೆ ನೋಡಿದ. "ಇರ್ಲಿ, ಹೋಗಿ ಬರ್ಲಿ. ಎಷ್ಟು ದಿನ ಇರ್ತಾಳೆ" ಎಂದು ಫೋನೆತ್ತಿ, ಅವರು ವ್ಯಾನು ಹತ್ತುವುದನ್ನು ವಿಡಿಯೊ ಮಾಡಿಕೊಂಡ.

ಊರು ದಾಟುವವರೆಗೆ ಮಗಳು ಕಿಟಕಿಯ ಕಡೆಗೇ ಮುಖ ಮಾಡಿದ್ದಳು. ಆಮೇಲೆ ತಿರುಗಿ, ಬಟ್ಟೆ ಸುತ್ತದ ಎಡಗೈಯ ತೋರುಬೆರಳನ್ನು ನಿಧಾನವಾಗಿ ತಿರುಗಿಸಿದಳು. ಓಡಲಿ. ಹುಬ್ಬೇರಿಸಿದಳು. ಓಡಲಿ ಎಂದೆಯಲ್ಲ, ಯಾಕೆ?

"ಕಾಣಿಸ್ಲಿಲ್ಲ ಮಗಳೇ" ಎಂದಳು ಲಾಳಿಯಕ್ಕ. ದನಿ ಎಷ್ಟು ಜೋರಾಗಿ ಬಂತೋ, ಮುಂದೆ ಕೂತಿದ್ದವರು ಇಬ್ಬರೂ ತಿರುಗಿ ನೋಡಿದರು. "ಇಲ್ಲಿ ಒಂದು ಪಟ್ಟಿ ಇತ್ತು, ಕಪ್ಪು ಪಟ್ಟಿ. ನೋಡಿಲ್ಲಿ."

ಮೊದಲನೆಯ ವಿಡಿಯೊ ಹಾಕಿ ಫೋನನ್ನು ಮಗಳ ಮುಂದೆ ಹಿಡಿದಳು. ತೋರಿಸಲು ಪಟ್ಟಿಯೇ ಇರಲಿಲ್ಲ. ತೆರೆಯ ಬುಡದವರೆಗೂ ಚಿತ್ರವೇ. ಮಗಳ ಕೈಗಳು ಕುರುಡರಿಗೂ ಕಾಣುವಷ್ಟು ಸ್ಪಷ್ಟವಾಗಿ ಮಗ್ಗ ನಿಲ್ಲಿಸು, ನಿಲ್ಲಿಸು ಎನ್ನುತ್ತಿದ್ದವು. ಮಗಳು ತನ್ನ ಕೈಗಳನ್ನು ಕೊನೆಯವರೆಗೆ ನೋಡಿದಳು. ಆಮೇಲೆ ಅಮ್ಮನ ಮುಖ ನೋಡಿದಳು. ನಂಬಿದಳೋ ಇಲ್ಲವೋ ಆ ನೋಟದಲ್ಲಿ ತಿಳಿಯಲಿಲ್ಲ.

ಅಷ್ಟರಲ್ಲಿ ಕರೆ ಬಂದು ಫೋನು ಅದುರಿತು. ತೆರೆಯ ಈ ಅಂಚಿನಿಂದ ಆ ಅಂಚಿನವರೆಗೆ ಅಳಿಯನ ಮುಖ ಬಂತು, ನಗುತ್ತ. ಮಗಳು ಸೀಟಿನ ಮೂಲೆಗೆ ಸರಿದಳು. ಲಾಳಿಯಕ್ಕ ಬಟನ್ನಿಗಾಗಿ ತಡಕಾಡಿದಳು, ಬಟನ್ ಇರಲಿಲ್ಲ. ಅಂಗಡಿಯವನು ಹೇಳಿಕೊಟ್ಟದ್ದು ನೆನಪಾಗಿ ಕೆಳಗಿನ ಅಂಚಿನಿಂದ ಮೇಲಕ್ಕೆ ಬೆರಳು ತಳ್ಳಿದಳು.

ಮುಖ ಹೋಯಿತು. ಅಂಗೈಯೊಳಗೆ ಫೋನು ಮಾತ್ರ ಓಡುವ ಮಗ್ಗದ ಹಾಗೆ ಅದುರುತ್ತಲೇ ಇತ್ತು. ಅದನ್ನು ನಿಲ್ಲಿಸುವುದು ಹೇಗೆಂದು ಅಂಗಡಿಯವನು ಹೇಳಿಕೊಟ್ಟಿರಲಿಲ್ಲ.